ಸಣ್ಣ ಚಿತ್ರಮಂದಿರ: ಯಂತ್ರೋಪಕರಣ ಖರೀದಿ ಮತ್ತು ಸಿಬ್ಬಂದಿ ನೇಮಕ

ಕರ್ನಾಟಕ ಸಿನಿಮಾ (ನಿಯಂತ್ರಣ) ಅಧಿನಿಯಮ, 1964ರ ಮೇರೆಗೆ ಚಿತ್ರಮಂದಿರದಲ್ಲಿ ಯಂತ್ರೋಪಕರಣಗಳನ್ನು ಅಳವಡಿಸಲು ಲೈಸೆನ್ಸಿಂಗ್ ಪ್ರಾಧಿಕಾರದ ಪೂರ್ವಾನುಮತಿ ಅಗತ್ಯ. ಅನುಮತಿ ದೊರೆಯದಿದ್ದಲ್ಲಿ ಹೂಡಿದ ಬಂಡವಾಳವು ನಿರುಪಯುಕ್ತವಾಗುವುದರಿಂದ, ಅದಕ್ಕೂ ಮುನ್ನ ಅರ್ಜಿದಾರರು ಮಾರಾಟಗಾರರಿಗೆ ಮುಂಗಡ ಪಾವತಿಸದಿರುವುದು ಸೂಕ್ತ.

ಉಪಕರಣಗಳು: ಹೊಸ ಚಲನಚಿತ್ರಗಳು ರೀಲುಗಳ ಬದಲು ಡಿಜಿಟಲ್ ರೂಪದಲ್ಲಿ ಪೂರೈಕೆಯಾಗುತ್ತವೆ. ಆದುದರಿಂದ ಹಳೆಯ 35 ಮಿ.ಮೀ. ಪ್ರೊಜೆಕ್ಟರ್ ಕಡಿಮೆ ಬೆಲೆಗೆ ದೊರೆತರೂ ಪ್ರಯೋಜನವಿಲ್ಲ. ಡಿಜಿಟಲ್ ಪ್ರೊಜೆಕ್ಟರ್, ಸರ್ವರ್, ಪರದೆ, ಧ್ವನಿವರ್ಧಕ, ಜನರೇಟರ್ ಹಾಗೂ ಅಗ್ನಿಶಾಮಕ ಸಾಧನಗಳಿಗೆ ದರಪಟ್ಟಿ ಪಡೆದು, ಪ್ರೊಜೆಕ್ಟರ್ ದೀಪದ ಬದಲಾವಣೆ ಮತ್ತು ವಾರ್ಷಿಕ ನಿರ್ವಹಣೆಯ ವೆಚ್ಚವನ್ನೂ ಸೇರಿಸಿ ಹೋಲಿಸತಕ್ಕದ್ದು.

ಸಿಬ್ಬಂದಿ: ಆಪರೇಟರ್, ಟಿಕೆಟ್ ಗುಮಾಸ್ತ, ಗೇಟ್‌ಕೀಪರ್ ಹಾಗೂ ಸ್ವಚ್ಛತಾ ಸಿಬ್ಬಂದಿ ಅವಶ್ಯ. ಆಪರೇಟರ್ ಗೈರುಹಾಜರಾದಲ್ಲಿ ಪ್ರದರ್ಶನವೇ ನಿಲ್ಲುವುದರಿಂದ ಮತ್ತೊಬ್ಬರಿಗೂ ತರಬೇತಿ ಕೊಡಿಸುವುದು ಒಳಿತು. 14 ವರ್ಷದೊಳಗಿನ ಮಕ್ಕಳನ್ನು ನೇಮಿಸುವಂತಿಲ್ಲ.