ಆಯುಧವಿಲ್ಲದ ಕಾವಲು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ದಾನಿಯ ಬಳಿ ಕೊಡತಕ್ಕ ವಸ್ತುವೋ ವಿದ್ಯೆಯೋ ಇರಬೇಕು. ಅಭಯದಾನಕ್ಕೆ ಬೇಕಾದುದು ಭಯಗ್ರಸ್ತ ಜೀವಿಯ ಪಕ್ಕದಲ್ಲಿ ನಿಲ್ಲುವ ಮನಸ್ಸು. ಮೂಕಪ್ರಾಣಿಗಳ ರಕ್ಷಣೆಯ ಸಂದರ್ಭದಲ್ಲಿ ಈ ದಾನವನ್ನು ಸ್ಮರಿಸುವುದು ರೂಢಿಯಲ್ಲಿದೆ. ಆದರೆ ಅನ್ಯಾಯಕ್ಕೆ ಒಳಗಾದವರ ಪರವಾಗಿ ಮಾತನಾಡಿದ ಮನುಷ್ಯನು ಆ ಮಾತಿನ ಕಾರಣದಿಂದಲೇ ಪ್ರಾಣಭಯಕ್ಕೆ ಸಿಲುಕಿದಾಗ ಅವನಿಗೆ ಅಭಯ ಕೊಡುವವರು ಯಾರು? ಕೊಡುವ ಬಗೆ ಯಾವುದು? ರಕ್ಷಿಸಬೇಕಾದವರೇ ಭಕ್ಷಕರಾದ ನಾಡಿನಲ್ಲಿ ಪೊಲೀಸರ ಕಾವಲನ್ನು ಬೇಡುವುದು ವ್ಯರ್ಥ. ತಾನೇ ಆಯುಧವನ್ನು ಹಿಡಿದರೆ ಅಹಿಂಸೆಯ ದಾರಿ ತಪ್ಪುತ್ತದೆ. ಇವೆರಡನ್ನೂ ಬಿಟ್ಟು ಮೂರನೆಯ ಮಾರ್ಗವೊಂದು ಉಂಟು ಎಂಬುದನ್ನು ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಇತಿಹಾಸವು ತೋರಿಸಿಕೊಟ್ಟಿದೆ. ಆ ಮಾರ್ಗದ ಮೂಲವು ಭಾರತದಲ್ಲಿದೆ ಎಂಬುದು ವಿಶೇಷ.

ಕಾಣೆಯಾದವರ ಮನೆಯವರು

ಗ್ವಾಟೆಮಾಲದಲ್ಲಿ 1960 ರಿಂದ 1996 ರವರೆಗೆ, ಮೂವತ್ತಾರು ವರ್ಷಗಳ ಕಾಲ, ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ಬೆಂಬಲದಿಂದ ರಚಿತವಾದ ಸತ್ಯಶೋಧನಾ ಆಯೋಗವು 1999 ರಲ್ಲಿ ನೀಡಿದ ವರದಿಯಂತೆ ಸತ್ತವರ ಮತ್ತು ಕಾಣೆಯಾದವರ ಸಂಖ್ಯೆ ಎರಡು ಲಕ್ಷಕ್ಕೂ ಮಿಗಿಲು. ಗುರುತು ಸಿಕ್ಕ ಬಲಿಪಶುಗಳಲ್ಲಿ ನೂರಕ್ಕೆ 83 ಮಂದಿ ಮಾಯಾ ಮೂಲನಿವಾಸಿಗಳು. ಆಯೋಗವು ದಾಖಲಿಸಿದ ಕೃತ್ಯಗಳಲ್ಲಿ ನೂರಕ್ಕೆ 93 ರಷ್ಟಕ್ಕೆ ಸೇನೆ ಮತ್ತು ಅದಕ್ಕೆ ಸೇರಿದ ಪಡೆಗಳೇ ಹೊಣೆಯೆಂದು ವರದಿ ಹೇಳಿತು.

ಹಗಲು ಹೊತ್ತಿನಲ್ಲೇ ಮನುಷ್ಯರನ್ನು ಹಿಡಿದೊಯ್ದು, ಅಂಥವರು ತಮ್ಮ ವಶದಲ್ಲಿಲ್ಲವೆಂದು ಸರ್ಕಾರ ಹೇಳುವುದು ಆ ಕಾಲದ ಕ್ರಮವಾಗಿತ್ತು. 1984 ರ ಫೆಬ್ರವರಿ 18 ರಂದು ಕಾರ್ಮಿಕ ಮುಖಂಡರೂ ವಿದ್ಯಾರ್ಥಿಯೂ ಆಗಿದ್ದ ಫರ್ನಾಂಡೊ ಗಾರ್ಸಿಯಾ ಹೀಗೆ ಕಾಣೆಯಾದರು. ಹಸುಗೂಸಿನ ತಾಯಿಯಾಗಿದ್ದ ಅವರ ಪತ್ನಿ ನಿನೆತ್ ಮಾಂಟೆನೆಗ್ರೊ ಪತಿಯನ್ನು ಹುಡುಕುತ್ತ ಅಲೆದರು. ಪೊಲೀಸ್ ಠಾಣೆಗಳ ಬಾಗಿಲಲ್ಲಿ, ಆಸ್ಪತ್ರೆಗಳಲ್ಲಿ, ಶವಾಗಾರಗಳಲ್ಲಿ ಅವರಂತೆಯೇ ಅಲೆಯುತ್ತಿದ್ದ ಇತರ ಸ್ತ್ರೀಯರ ಪರಿಚಯವಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಇವರೆಲ್ಲ ಸೇರಿ ‘ಪರಸ್ಪರ ಸಹಾಯ ಸಂಘ’ವನ್ನು ಕಟ್ಟಿದರು. ‘ಗಾಮ್’ ಎಂಬುದು ಅದರ ಸ್ಪ್ಯಾನಿಷ್ ಹೆಸರಿನ ಹ್ರಸ್ವರೂಪ. ತಮ್ಮವರು ಎಲ್ಲಿದ್ದಾರೆ ಎಂಬ ಒಂದೇ ಪ್ರಶ್ನೆಯನ್ನು ಅವರು ಬೀದಿಯಲ್ಲಿ ನಿಂತು ಕೇಳತೊಡಗಿದರು.

1985 ರ ಮಾರ್ಚ್ ತಿಂಗಳಲ್ಲಿ ದೇಶದ ಸೇನಾಡಳಿತದ ಮುಖ್ಯಸ್ಥರಾಗಿದ್ದ ಜನರಲ್ ಮೆಹಿಯಾ ವಿಕ್ಟೋರೆಸ್, ಈ ಸಂಘದ ಹಿಂದೆ ಬಂಡಾಯಗಾರರ ಕೈವಾಡವಿದೆಯೆಂದು ಬಹಿರಂಗವಾಗಿ ಆರೋಪಿಸಿದರು. ಮಾರ್ಚ್ 30 ರಂದು ಸಂಘದ ಸಭೆಯಿಂದ ಹೊರಟ ಹೆಕ್ಟರ್ ಗೋಮೆಸ್ ಎಂಬ ಮುಖಂಡರ ಅಪಹರಣವಾಯಿತು. ಚಿತ್ರಹಿಂಸೆಯ ಗುರುತುಗಳಿದ್ದ ಅವರ ಶವ ಮರುದಿನ ದೊರೆಯಿತು. ಅವರ ಅಂತ್ಯಕ್ರಿಯೆಯಲ್ಲಿ ರೊಸಾರಿಯೊ ಗೊದೊಯ್ ಎಂಬ ಯುವತಿ ಧೈರ್ಯದಿಂದ ಮಾತನಾಡಿದರು. ಆಕೆಯ ಪತಿಯೂ ಹಿಂದಿನ ವರ್ಷ ಕಾಣೆಯಾಗಿದ್ದರು. ಏಪ್ರಿಲ್ 4 ರಂದು ಆಕೆ, ಆಕೆಯ ತಮ್ಮ ಮತ್ತು ಎರಡು ವರ್ಷದ ಕಂದ, ಮೂವರೂ ಶವವಾಗಿ ಪತ್ತೆಯಾದರು. ಅದು ವಾಹನ ಅಪಘಾತವೆಂದು ಅಧಿಕಾರಿಗಳು ಹೇಳಿದರು, ಕೇಳಿದವರು ನಂಬಲಿಲ್ಲ.

ಈ ಘಟನೆಗಳ ಕ್ರಮವನ್ನು ಗಮನಿಸಬೇಕು. ಮೊದಲು ಅಪವಾದ, ಆಮೇಲೆ ಹತ್ಯೆ. ಅವರು ದೇಶದ್ರೋಹಿಗಳು, ಪರರ ಕೈಗೊಂಬೆಗಳು ಎಂಬ ಮಾತು ಜನರ ಮನಸ್ಸಿನಲ್ಲಿ ಬೇರೂರಿದರೆ ಮುಂದೆ ಅವರಿಗೇನಾದರೂ ಕೇಳುವವರಿರುವುದಿಲ್ಲ ಎಂಬುದು ಕೊಲೆಗಾರನ ಲೆಕ್ಕಾಚಾರ.

ಶಾಂತಿಸೇನೆಯ ಬೀಜ

ಗಾಮ್ ಸಂಘದವರಿಗೆ ತಮ್ಮ ಮನೆಯ ಬಾಗಿಲನ್ನು ತೆರೆದಿದ್ದವರು ‘ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆಯ ಸ್ವಯಂಸೇವಕರು. 1981 ರಲ್ಲಿ ಕೆನಡಾದಲ್ಲಿ ಹುಟ್ಟಿದ ಈ ಸಂಸ್ಥೆಯ ಸ್ಥಾಪಕರಲ್ಲಿ ಗಾಂಧೀಜಿಯವರ ಆಪ್ತಕಾರ್ಯದರ್ಶಿ ಮಹಾದೇವ ದೇಸಾಯಿಯವರ ಪುತ್ರ ನಾರಾಯಣ ದೇಸಾಯಿಯವರೂ ಒಬ್ಬರು. ಕೋಮುಗಲಭೆಯ ನಡುವೆ ನಿರಾಯುಧರಾಗಿ ನಿಲ್ಲುವ ಶಾಂತಿದಳವೊಂದರ ಕಲ್ಪನೆಯನ್ನು ಗಾಂಧೀಜಿ 1938 ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ವಿವರಿಸಿದ್ದರು. ಅದು ಅವರ ಕಾಲದಲ್ಲಿ ಪೂರ್ಣರೂಪ ತಾಳಲಿಲ್ಲ. 1957 ರಲ್ಲಿ ವಿನೋಬಾ ಭಾವೆಯವರು ಕೇರಳದಲ್ಲಿ ಶಾಂತಿಸೇನೆಯನ್ನು ಆರಂಭಿಸಿದರು. ಜಯಪ್ರಕಾಶ ನಾರಾಯಣ ಮತ್ತು ನಾರಾಯಣ ದೇಸಾಯಿ ಅದನ್ನು ಮುನ್ನಡೆಸಿದರು. ಗಾಂಧೀಜಿಯವರ ಮೇಲೆ ಶ್ರೀಮದ್ ರಾಜಚಂದ್ರರ ಪ್ರಭಾವ ಎಷ್ಟಿತ್ತೆಂಬುದನ್ನು ಅವರ ಆತ್ಮಕಥೆಯೇ ಹೇಳುತ್ತದೆ. ಹೀಗೆ ಗುಜರಾತಿನ ಶ್ರಾವಕರೊಬ್ಬರ ಅಹಿಂಸಾಚಿಂತನೆಯ ಒಂದು ಎಳೆ ಹಲವು ಕೈಗಳನ್ನು ದಾಟಿ ಗ್ವಾಟೆಮಾಲದ ಬೀದಿಯನ್ನು ಮುಟ್ಟಿತೆಂದರೆ ತಪ್ಪಾಗಲಾರದು.

ಎರಡು ಹತ್ಯೆಗಳ ನಂತರ ಈ ಸ್ವಯಂಸೇವಕರು ಉಳಿದ ಮುಖಂಡರ ಜೊತೆಯಲ್ಲಿ ಹಗಲಿರುಳೂ ಇರತೊಡಗಿದರು. ಅವರ ಬಳಿ ಆಯುಧವಿರಲಿಲ್ಲ. ಸಂಘದ ಕಾರ್ಯಕಲಾಪಗಳಲ್ಲಿ, ತೀರ್ಮಾನಗಳಲ್ಲಿ ಅವರು ಕೈಹಾಕುತ್ತಿರಲಿಲ್ಲ. ಮುಖಂಡರು ಮಾರುಕಟ್ಟೆಗೆ ಹೋದರೆ ಜೊತೆಗೆ ನಡೆಯುವರು. ಮೆರವಣಿಗೆಯ ಅಂಚಿನಲ್ಲಿ ಕ್ಯಾಮರಾ ಹಿಡಿದು ನಿಲ್ಲುವರು. ರಾತ್ರಿ ಅವರ ಮನೆಯಲ್ಲೇ ಮಲಗುವರು. ಏನಾದರೂ ಅಹಿತ ನಡೆದರೆ ದೂರದೇಶಗಳ ನೂರಾರು ಜನ ಗ್ವಾಟೆಮಾಲ ಸರ್ಕಾರಕ್ಕೂ ತಮ್ಮ ತಮ್ಮ ಸರ್ಕಾರಗಳಿಗೂ ತಂತಿ, ಪತ್ರಗಳನ್ನು ಕಳುಹಿಸುವ ಏರ್ಪಾಡಿತ್ತು. ವಿದೇಶಗಳ ನೆರವು ಮತ್ತು ಒಳ್ಳೆಯ ಹೆಸರು ಬೇಕಿದ್ದ ಆಳುವವರಿಗೆ, ಪರದೇಶದವರ ಕಣ್ಣೆದುರಿನಲ್ಲಿ ನಡೆಯುವ ಕೊಲೆ ದುಬಾರಿಯಾಗುತ್ತಿತ್ತು. ಹೀಗೆ ಜೊತೆಗಾರರನ್ನು ಪಡೆದ ಗಾಮ್ ಮುಖಂಡರಲ್ಲಿ ಮತ್ತಾರೂ ಕೊಲೆಯಾಗಲಿಲ್ಲ, ಸಂಘವೂ ಚದುರಲಿಲ್ಲ.

ಕಾವಲಿನ ಬೆಲೆ ಮತ್ತು ಮಿತಿ

ಈ ಸೇವೆ ಅಪಾಯರಹಿತವಾಗಿರಲಿಲ್ಲ. 1989 ರ ಆಗಸ್ಟ್ ತಿಂಗಳಲ್ಲಿ ಸ್ವಯಂಸೇವಕರ ಮನೆಯ ಮೇಲೆ ಕೈಬಾಂಬ್ ಎಸೆಯಲಾಯಿತು. ಅದೇ ಡಿಸೆಂಬರ್‌ನಲ್ಲಿ ಮೂವರು ಸ್ವಯಂಸೇವಕರನ್ನು ಬೀದಿಯಲ್ಲಿ ಇರಿದು ಗಾಯಗೊಳಿಸಿದರು. ಆದರೂ ಸಂಸ್ಥೆ ಅಲ್ಲಿಂದ ಕಾಲುಕೀಳಲಿಲ್ಲ. ಅದೇ ವರ್ಷ ಶ್ರೀಲಂಕಾದಲ್ಲಿಯೂ, ಬಂಧಿತರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿ ಪ್ರಾಣಭಯಕ್ಕೊಳಗಾದ ವಕೀಲರ ಜೊತೆ ನಿಲ್ಲುವ ಕೆಲಸ ಮೊದಲಾಯಿತು. 1994 ರಿಂದ ಕೊಲಂಬಿಯಾ ದೇಶಕ್ಕೂ ಅದು ವಿಸ್ತರಿಸಿತು.

ಮಿತಿಗಳೂ ಇದ್ದವು. ಸಾಕ್ಷಿಯ ಕಣ್ಣು ತಲುಪದ ಬೆಟ್ಟದ ಹಳ್ಳಿಗಳಲ್ಲಿ ಕಡ್ಡಾಯ ಗಸ್ತುಪಡೆಗೆ ಸೇರಲು ಒಪ್ಪದ ಮಾಯಾ ರೈತರು ಹತರಾದರು. 1990 ರ ಸೆಪ್ಟೆಂಬರ್ 11 ರಂದು, ಮನೆಮಠ ಕಳೆದುಕೊಂಡ ಗ್ರಾಮಸ್ಥರನ್ನು ಕುರಿತು ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞೆ ಮಿರ್ನಾ ಮ್ಯಾಕ್ ಅವರನ್ನು ರಾಜಧಾನಿಯಲ್ಲೇ ಇರಿದು ಕೊಂದರು. ಆ ಪ್ರಕರಣವನ್ನು ಪ್ರಾಮಾಣಿಕವಾಗಿ ತನಿಖೆ ಮಾಡಿದ ಪೊಲೀಸ್ ಅಧಿಕಾರಿಯೊಬ್ಬರು ಮುಂದಿನ ವರ್ಷ ಗುಂಡಿಗೆ ಬಲಿಯಾದರು. 1998 ರ ಏಪ್ರಿಲ್ 26 ರಂದು ಬಿಷಪ್ ಹುವಾನ್ ಹೆರಾರ್ದಿಯವರ ಹತ್ಯೆಯಾಯಿತು. ಯುದ್ಧಕಾಲದ ದೌರ್ಜನ್ಯಗಳ ವರದಿಯನ್ನು ಅವರು ಬಿಡುಗಡೆ ಮಾಡಿ ಆಗ ಕೇವಲ ಎರಡು ದಿನಗಳಾಗಿದ್ದವು.

ನೈತಿಕವಾದ ತೊಡಕೊಂದು ಈ ವಿಧಾನದೊಳಗೇ ಇದೆ. ಪರದೇಶದವನ ಪ್ರಾಣಕ್ಕೆ ಹೆಚ್ಚು ಬೆಲೆ, ಸ್ವದೇಶದ ಬಡವನ ಪ್ರಾಣಕ್ಕೆ ಕಡಿಮೆ ಬೆಲೆ ಎಂಬ ಲೋಕದ ಅಸಮಾನತೆಯನ್ನೇ ಅದು ಗುರಾಣಿಯಾಗಿ ಬಳಸಿಕೊಳ್ಳುತ್ತದೆ. ಸರ್ವಜೀವಸಮತೆಯನ್ನು ನಂಬುವವರಿಗೆ ಇದು ನುಂಗಲಾರದ ತುತ್ತು. ಆದರೆ ಅಸಮಾನತೆ ಅಳಿಯುವವರೆಗೆ ಆ ಗುರಾಣಿಯನ್ನು ಕೆಳಗಿಟ್ಟರೆ ಸಾಯುವವನು ಬಡವನೇ ಎಂಬುದೂ ಸತ್ಯ.

ಘೋಷಣೆ ಮತ್ತು ನ್ಯಾಯ

ಜಗತ್ತಿನ ಗಮನ ನಿಧಾನವಾಗಿ ಈ ಕಡೆಗೆ ತಿರುಗಿತು. 1998 ರ ಡಿಸೆಂಬರ್ 9 ರಂದು, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ಐವತ್ತು ತುಂಬುವ ಮುನ್ನಾದಿನ, ವಿಶ್ವಸಂಸ್ಥೆಯ ಮಹಾಸಭೆಯು ಹಕ್ಕುಗಳ ಪರವಾಗಿ ದುಡಿಯುವವರ ರಕ್ಷಣೆಗೆ ಸಂಬಂಧಿಸಿದ ಘೋಷಣೆಯನ್ನು ಅಂಗೀಕರಿಸಿತು. ಇಂಥವರನ್ನು ಹಿಂಸೆ, ಬೆದರಿಕೆ, ಪ್ರತೀಕಾರಗಳಿಂದ ಕಾಪಾಡುವುದು ರಾಜ್ಯದ ಕರ್ತವ್ಯವೆಂದು ಅದರ 12 ನೆಯ ವಿಧಿ ಹೇಳುತ್ತದೆ. 2000 ದಲ್ಲಿ ಪಾಕಿಸ್ತಾನದ ನ್ಯಾಯವಾದಿ ಹಿನಾ ಜಿಲಾನಿಯವರನ್ನು ಈ ವಿಷಯದ ಮೊದಲ ವಿಶೇಷ ಪ್ರತಿನಿಧಿಯಾಗಿ ನೇಮಿಸಲಾಯಿತು. ಈ ಘೋಷಣೆಗೆ ಕಾನೂನಿನ ಬಂಧನವಿಲ್ಲದಿದ್ದರೂ, ಪೀಡಿತರಿಗೆ ಕೈಯಲ್ಲಿ ಹಿಡಿದು ತೋರಿಸಲು ಒಂದು ಆಧಾರ ಸಿಕ್ಕಿತು.

ನಿನೆತ್ ಮಾಂಟೆನೆಗ್ರೊ 1996 ರಲ್ಲಿ ತಮ್ಮ ದೇಶದ ಸಂಸತ್ತನ್ನು ಪ್ರವೇಶಿಸಿದರು. 2005 ರಲ್ಲಿ ಹಳೆಯ ರಾಷ್ಟ್ರೀಯ ಪೊಲೀಸ್ ಇಲಾಖೆಯ ಕಡತಗಳ ಬೃಹತ್ ಭಂಡಾರವೊಂದು ಬೆಳಕಿಗೆ ಬಂದಿತು. ಅದರಲ್ಲಿ ದೊರೆತ ದಾಖಲೆಗಳ ಆಧಾರದ ಮೇಲೆ, ಫರ್ನಾಂಡೊ ಗಾರ್ಸಿಯಾ ಕಾಣೆಯಾದ ಪ್ರಕರಣದಲ್ಲಿ 2010 ರಲ್ಲಿ ಇಬ್ಬರು ಪೊಲೀಸರಿಗೆ, 2013 ರಲ್ಲಿ ಆಗಿನ ಪೊಲೀಸ್ ಮುಖ್ಯಸ್ಥರಿಗೆ ತಲಾ 40 ವರ್ಷಗಳ ಸೆರೆಮನೆವಾಸ ವಿಧಿಸಲಾಯಿತು. ಪ್ರಶ್ನೆ ಕೇಳಿದವರು ಬದುಕಿ ಉಳಿದುದರಿಂದಲೇ ಆ ಪ್ರಶ್ನೆಯೂ ಕಾಲು ಶತಮಾನಕ್ಕೂ ಹೆಚ್ಚು ಕಾಲ ಬದುಕಿತು.

ಅನುಮೋದನೆಯ ದೋಷ

ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯು ಮೂರು ಬಗೆಯಲ್ಲಿ ಘಟಿಸುತ್ತದೆಂದು ಜೈನಾಚಾರ ಹೇಳುತ್ತದೆ. ಗುಂಡು ಹಾರಿಸಿದವನದು ಕೃತ. ಆಜ್ಞೆ ಕೊಟ್ಟವನದು ಕಾರಿತ. ಅಪವಾದವನ್ನು ಕೇಳಿ ತಲೆದೂಗಿದವರು, ಅವನಿಗೆ ಹಾಗೇ ಆಗಬೇಕಿತ್ತು ಎಂದುಕೊಂಡವರು ಅನುಮೋದನೆಯ ಪಾಲುದಾರರು. ಗ್ವಾಟೆಮಾಲದ ಕೊಲೆಗಾರರು ನೆಚ್ಚಿದ್ದು ಈ ಮೂರನೆಯ ವರ್ಗದವರನ್ನೇ. ಕೈಯಲ್ಲಿ ಕೋಲೂ ಇಲ್ಲದ ಸ್ವಯಂಸೇವಕನೊಬ್ಬನು ಪಕ್ಕದಲ್ಲಿ ನಿಂತು, ಇದಕ್ಕೆ ತನ್ನ ಅನುಮೋದನೆ ಇಲ್ಲವೆಂದು ತೋರಿಸಿಕೊಟ್ಟನು. ಅವನ ಕಾವಲಿನ ಬಲವಿದ್ದುದು ಅಲ್ಲಿಯೇ.

ಕೆರೆಯ ಒತ್ತುವರಿಯನ್ನು ಪ್ರಶ್ನಿಸಿದವರು, ಕೂಲಿ ಸಿಗದವರ ಪರವಾಗಿ ಅರ್ಜಿ ಬರೆದವರು, ಸಾರ್ವಜನಿಕ ಸಂಸ್ಥೆಯ ಲೆಕ್ಕಪತ್ರಗಳನ್ನು ಕೇಳಿದವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅವರು ಹೇಳುವುದೆಲ್ಲವೂ ಸರಿಯಾಗಿರಲೇಬೇಕೆಂದಿಲ್ಲ. ಅದನ್ನು ವಿಚಾರಿಸಿ ಇತ್ಯರ್ಥಪಡಿಸಲು ಸಭೆಯಿದೆ, ನ್ಯಾಯಾಲಯವಿದೆ. ಆದರೆ ಕೇಳಿದ ತಪ್ಪಿಗೆ ಅವರ ಮೇಲೆ ಅಪವಾದ ಹಬ್ಬತೊಡಗಿದಾಗ ಅದನ್ನು ಮುಂದಕ್ಕೆ ದಾಟಿಸದಿರುವುದು, ಬೆದರಿಕೆ ಬಂದಾಗ ಠಾಣೆಯವರೆಗೆ ಜೊತೆಯಲ್ಲಿ ಹೋಗುವುದು, ಕಂಡದ್ದನ್ನು ಕಂಡಂತೆ ಸಾಕ್ಷಿ ನುಡಿಯುವುದು ಶ್ರಾವಕನಿಗೆ ಅಸಾಧ್ಯವಾದ ವ್ರತವಲ್ಲ. ಚತುರ್ವಿಧ ದಾನಗಳಲ್ಲಿ ನಾಲ್ಕನೆಯದು ನಿತ್ಯಜೀವನದಲ್ಲಿ ಆಚರಣೆಗೆ ಬರುವುದು ಇಂತಹ ಸಂದರ್ಭಗಳಲ್ಲಿಯೇ.