ಪದ ಪರಿಚಯ: ರೋಹಿತ

ಪ್ರಿಸಂ ಹಾಯ್ದ ಬೆಳಕು ಗೋಡೆಯ ಮೇಲೆ ಚೆಲ್ಲುವ ಬಣ್ಣದ ಪಟ್ಟಿಯೇ ರೋಹಿತ. ಸಂಸ್ಕೃತದಲ್ಲಿ ರೋಹಿತವೆಂದರೆ ಕೆಂಪು. ಲೋಹಿತ ಅದರ ಒಡಹುಟ್ಟು. ಅಮರಕೋಶ ಇನ್ನೊಂದು ಅರ್ಥವನ್ನೂ ಕೊಡುತ್ತದೆ: ಬಾಗದೆ ನೆಟ್ಟಗಿರುವ ಇಂದ್ರಧನುಸ್ಸು. ಆ ಪಟ್ಟಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ತಮಾಷೆಯೆಂದರೆ, ಕೆಂಪೆಂಬ ಅರ್ಥದ ಈ ಪದಕ್ಕೆ ಈಗ ಕೈತುಂಬ ಕೆಲಸವಿರುವುದು ಕೆಂಪಿನಾಚೆ. 1800ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಕೆಂಪು ಮುಗಿದು ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟ. ಶಾಖ ಅಲ್ಲೇ ಹೆಚ್ಚು. ಆ ಕಿರಣವೇ ಅವಕೆಂಪು. ಅತಿಗೆಂಪು ಎಂದು ಬರೆಯುವವರೂ ಇದ್ದಾರೆ. ಕಂಪನಾಂಕ ಕೆಂಪಿಗಿಂತ ಕಡಿಮೆಯಾದ್ದರಿಂದ ನನ್ನ ಮತ 'ಅವ'ಕ್ಕೇ.

ಅನಿಲಗಳು ಅವಕೆಂಪಿನಲ್ಲಿ ತಮತಮಗೆ ಒಗ್ಗುವ ಅಲೆಯುದ್ದಗಳನ್ನಷ್ಟೇ ಹೀರುತ್ತವೆ. ಕಾರ್ಬನ್ ಡೈಆಕ್ಸೈಡ್ 15 ಮೈಕ್ರೊಮೀಟರಿನ ಸುತ್ತಮುತ್ತ ಬಲವಾಗಿ ಹೀರುತ್ತದೆ. ಆ ಗುರುತನ್ನು ದೂರದಿಂದಲೇ ಓದುವುದು ರೋಹಿತಮಾಪಕ. 2006ರಲ್ಲಿ ಯುರೋಪಿನ ಮೆಟಾಪ್ ಉಪಗ್ರಹವನ್ನು ಮೊದಲು ಏರಿದ ಐಎಎಸ್‌ಐ ಮಾದರಿಯ ರೋಹಿತಮಾಪಕ ಬೆಳಕನ್ನು ಎರಡಾಗಿ ಸೀಳುತ್ತದೆ, ಕನ್ನಡಿ ಸರಿಸಿ ಮತ್ತೆ ಬೆರೆಸುತ್ತದೆ. ಆಗ ಮೂಡುವ ಏರಿಳಿತವನ್ನು ಫೂರಿಯೇ ಗಣಿತ 8461 ಎಳೆಗಳಾಗಿ ಬಿಡಿಸುತ್ತದೆ. ಕೆಳಗಿನ ನೆಲದ ಒಂದು ಅಡ್ಡಸಾಲು ಮುಗಿಸಲು ಅದಕ್ಕೆ 8 ಸೆಕೆಂಡು ಸಾಕು. ಹಾಸನದಿಂದ ನಿಯಂತ್ರಿಸುವ ನಮ್ಮ ಇನ್ಸಾಟ್-3ಡಿ ಸರಣಿಯ ಉಪಗ್ರಹಗಳಲ್ಲಿ ವಾತಾವರಣವನ್ನು ಅಳೆಯುವ ಸೌಂಡರಿನಲ್ಲಿರುವುದು ಅವಕೆಂಪಿನ 18 ಪಟ್ಟಿಗಳು.

ಇಷ್ಟಾದರೂ ರೋಹಿತ ಪಠ್ಯಪುಸ್ತಕದ ಹೊಸ್ತಿಲು ದಾಟಿದ್ದು ಕಡಿಮೆ. ಸರ್ಕಾರ ಸ್ಪೆಕ್ಟ್ರಂ ಹರಾಜಿಗಿಟ್ಟಾಗ ನಮ್ಮ ಪತ್ರಿಕೆಗಳು ಹಿಡಿದದ್ದು 'ತರಂಗಾಂತರ'ವನ್ನು.