ಕಾಳ್ಗಿಚ್ಚೂ ದಾನವಿವೇಕವೂ

ದಾನವು ಕೊಟ್ಟ ಮಾತ್ರಕ್ಕೆ ಮುಗಿಯುವ ಕಾರ್ಯವಲ್ಲವೆಂಬುದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ದೇಶ, ಕಾಲ, ಪಾತ್ರಗಳನ್ನರಿತು ಪ್ರತಿಫಲವನ್ನು ಬಯಸದೆ ಕೊಟ್ಟುದನ್ನೇ ಸಾತ್ತ್ವಿಕವೆಂದು ಎಣಿಸಿದೆ. ವಿಪತ್ತಿನ ಸಮಯದಲ್ಲಿ ಈ ವಿವೇಚನೆಯು ಎಷ್ಟು ಅವಶ್ಯವೆಂಬುದಕ್ಕೆ ಅಮೆರಿಕಾ, ಆಸ್ಟ್ರೇಲಿಯಾ ದೇಶಗಳಲ್ಲಿ ನಡೆದ ಎರಡು ಕಾಳ್ಗಿಚ್ಚುಗಳ ಚರಿತ್ರೆಯು ನಿದರ್ಶನವಾಗಿದೆ.

ಕ್ರಿ. ಶ. 1871ನೆಯ ಇಸವಿಯ ಬೇಸಗೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಹಾಸರೋವರಗಳ ಸೀಮೆಯಲ್ಲಿ ಮಳೆಯು ಬಹಳ ಕಡಮೆಯಾಯಿತು. ವಿಸ್ಕಾನ್ಸಿನ್ ಸಂಸ್ಥಾನದ ಪೆಷ್ಟಿಗೋ ಎಂಬ ಊರು ದಟ್ಟವಾದ ಅಡವಿಯ ನಡುವೆ, ಹೊಳೆಯ ದಡದಲ್ಲಿ, ಮರದ ವ್ಯಾಪಾರದಿಂದಲೇ ಬೆಳೆದುದು. ಅಲ್ಲಿ ಮನೆಗಳೂ ಮರದವು. ಬೀದಿಯಲ್ಲಿ ಹರಡಿದ್ದುದೂ ಗರಗಸದ ಹೊಟ್ಟು. ರೈತರು ಹೊಲಕ್ಕಾಗಿಯೂ ಕೂಲಿಗಳು ರೈಲುದಾರಿಗಾಗಿಯೂ ಕಾಡನ್ನು ಕಡಿದು ಸುಡುತ್ತಿದ್ದರು. ಅಕ್ಟೋಬರ್ 8ನೆಯ ತಾರೀಖು ಭಾನುವಾರ ರಾತ್ರಿ ಬಿರುಗಾಳಿಯೆದ್ದು, ಅಲ್ಲಲ್ಲಿ ಹೊಗೆಯಾಡುತ್ತಿದ್ದ ಬೆಂಕಿಗಳೆಲ್ಲವೂ ಕೂಡಿ ಒಂದೇ ದಾವಾನಲವಾಗಿ ಊರಿನ ಮೇಲೆ ಬಿದ್ದುವು. ಹೊಳೆಗೆ ಧುಮುಕಿದವರಲ್ಲಿ ಕೆಲವರು ಉಳಿದರು. ಆದರೆ ನೀರಿನಿಂದ ಹೊರಬಂದ ಮೇಲೆ ಅವರಿಗೆ ಚಳಿಯ ಬಾಧೆ ತಪ್ಪಲಿಲ್ಲ. ಸುಮಾರು 12 ಲಕ್ಷ ಎಕರೆ ನೆಲವು ಸುಟ್ಟುಹೋಯಿತು. ಮಡಿದವರ ಲೆಕ್ಕವು 1,200ರಿಂದ 2,500ರವರೆಗೆ ಹೇಳಲ್ಪಟ್ಟಿದೆ. ಲೆಕ್ಕವು ಖಚಿತವಾಗದೆ ಉಳಿದುದಕ್ಕೆ ಕಾರಣವೂ ದಾರುಣವಾದುದೇ: ಸತ್ತವರನ್ನು ಗುರುತಿಸಬೇಕಾದ ನೆಂಟರೂ ನೆರೆಯವರೂ ಅವರೊಡನೆಯೇ ಸತ್ತಿದ್ದರು.

ವಿಧಿಯ ವೈಚಿತ್ರ್ಯವೆಂದರೆ, ಅದೇ ರಾತ್ರಿ ಷಿಕಾಗೋ ಮಹಾನಗರವೂ ಹೊತ್ತಿಕೊಂಡಿತು. ಅಲ್ಲಿ ಸುಮಾರು 300 ಜನರು ಸತ್ತರು. ಸುಮಾರು ಒಂದು ಲಕ್ಷ ಜನರು ಮನೆಯಿಲ್ಲದವರಾದರು. ಷಿಕಾಗೋವಿನ ವಾರ್ತೆಯು ತಂತಿಯ ಮೂಲಕ ಶೀಘ್ರವಾಗಿ ದೇಶದೇಶಗಳಿಗೆ ಹರಡಿ, ಅನ್ನವಸ್ತ್ರಗಳನ್ನು ತುಂಬಿದ ರೈಲುಬಂಡಿಗಳು ಆ ಕಡೆಗೆ ಹೊರಟುವು. ಪೆಷ್ಟಿಗೋವಿನ ಸುತ್ತಲಾದರೋ ತಂತಿಗಳೇ ಬೆಂಕಿಗೆ ಸಿಕ್ಕಿ ಕಡಿದುಹೋಗಿದ್ದುವು. ಹೆಚ್ಚು ಜನ ಸತ್ತ ಕಡೆಗೆ ಕರುಣೆಯು ತಡವಾಗಿ ಹೋಯಿತು. ಜನರ ಹೃದಯವು ಕಠಿಣವಾಗಿತ್ತೆಂದಲ್ಲ. ವಾರ್ತೆ ಹೋದ ದಾರಿಯಲ್ಲಿಯೇ ದಾನವೂ ಹೋಯಿತು.

ಪೆಷ್ಟಿಗೋವಿನ ಸುದ್ದಿಯು ರಾಜಧಾನಿಯಾದ ಮ್ಯಾಡಿಸನ್‌ಗೆ ಮುಟ್ಟಿದುದು 10ನೆಯ ತಾರೀಖು. ಗವರ್ನರ್ ಲೂಷಿಯಸ್ ಫೇರ್‌ಚೈಲ್ಡನೂ ಇತರ ಅಧಿಕಾರಿಗಳೂ ಷಿಕಾಗೋವಿನ ನೆರವಿಗೆಂದು ತೆರಳಿದ್ದರು. ಆಗ ಅವನ ಪತ್ನಿ, 24 ವರ್ಷದ ಫ್ರಾನ್ಸಿಸ್ ಫೇರ್‌ಚೈಲ್ಡ್, ಯಾವ ಅಧಿಕಾರವೂ ಇಲ್ಲದವಳಾಗಿದ್ದರೂ ಕಾರ್ಯಭಾರವನ್ನು ತಾನೇ ವಹಿಸಿಕೊಂಡಳು. ಷಿಕಾಗೋವಿಗೆ ಹೋಗಬೇಕಾಗಿದ್ದ ಸಾಮಗ್ರಿಯ ಬಂಡಿಯೊಂದನ್ನು ಪೆಷ್ಟಿಗೋವಿನ ಕಡೆಗೆ ತಿರುಗಿಸಿದಳು. ಬಂಡಿಯಲ್ಲಿ ಕಂಬಳಿಗಳಿಲ್ಲವೆಂದು ಕಂಡುಬರಲು, ಊರಿನ ಹೆಂಗಸರಿಂದ ಅವನ್ನು ಬೇಡಿ ತರಿಸಿ ತುಂಬಿಸಿದಳು. ಬಂಡಿಯನ್ನು ಕಳುಹಿಸುವುದಕ್ಕೆ ಮೊದಲು ಅದರಲ್ಲಿ ಏನಿದೆ, ಏನಿಲ್ಲವೆಂದು ನೋಡಿದುದು ಅಲ್ಪವಾದ ಕಾರ್ಯವೆಂದು ತೋರಬಹುದು. ದೇಶ, ಕಾಲ, ಪಾತ್ರಗಳ ವಿಚಾರವೆಲ್ಲವೂ ಅದರಲ್ಲಿ ಅಡಗಿದೆ.

ಷಿಕಾಗೋವಿಗೆ ಬಂದ ದ್ರವ್ಯವು ಸುಮಾರು 50 ಲಕ್ಷ ಡಾಲರುಗಳಷ್ಟು. ನಗರಾಧ್ಯಕ್ಷನು ಅದರ ವಿನಿಯೋಗವನ್ನು ಅಲ್ಲಿನ ಒಂದು ಪರಿಹಾರ ಸಂಘಕ್ಕೆ ಒಪ್ಪಿಸಿದನು. ಅದು ಒಪ್ಪೊತ್ತಿನ ಅನ್ನದಿಂದಲೇ ತೃಪ್ತವಾಗದೆ, ಬರಲಿದ್ದ ಚಳಿಗಾಲವನ್ನು ನೆನೆದು ಸಾವಿರಾರು ಸಂಸಾರಗಳಿಗೆ ಸಣ್ಣ ಮರದ ಮನೆಗಳನ್ನೂ, ದುಡಿದು ಬಾಳಬೇಕಾದ ಹೆಂಗಸರಿಗೆ ಹೊಲಿಗೆಯ ಯಂತ್ರಗಳನ್ನೂ ಒದಗಿಸಿತು. ಸಿಡುಬಿಗೆ ದೇವಿ ಹಾಕಿಸಿತು. ಇದು ಶ್ಲಾಘ್ಯವಾದುದು. ಆದರೆ ಯೋಗ್ಯರು ಯಾರು, ಅಯೋಗ್ಯರು ಯಾರೆಂದು ಮನೆಮನೆಗೂ ತನಿಖೆಗಾರರನ್ನು ಕಳುಹಿಸಿ ಬಡವರನ್ನು ಶಂಕೆಯಿಂದ ನೋಡಿದರೆಂಬ ಆಕ್ಷೇಪವೂ ಆಗಲೇ ಹುಟ್ಟಿತು. ಪಾತ್ರವಿಚಾರವು ಮಿತಿಮೀರಿದರೆ ದಾನವು ಅವಮಾನದೊಡನೆ ಬೆರೆಯುತ್ತದೆ.

ಒಂದೂವರೆ ಶತಮಾನದ ತರುವಾಯ ವಾರ್ತೆಯ ವೇಗವು ನೂರ್ಮಡಿಯಾಗಿದ್ದಿತು; ತೊಡಕು ಬೇರೆಯ ರೂಪದಲ್ಲಿ ಕಾಣಿಸಿತು. 2019–20ರ ಬೇಸಗೆಯಲ್ಲಿ ಆಸ್ಟ್ರೇಲಿಯಾದ ಕಾಡುಗಳು ತಿಂಗಳುಗಟ್ಟಲೆ ಉರಿದು, 33 ಜನರು ಬೆಂಕಿಯಲ್ಲಿ ಮಡಿದು, 3,000ಕ್ಕೂ ಹೆಚ್ಚು ಮನೆಗಳು ನಾಶವಾದುವು. 2020ರ ಜನವರಿಯಲ್ಲಿ ಹಾಸ್ಯನಟಿ ಸೆಲೆಸ್ಟ್ ಬಾರ್ಬರ್ ಮಾಡಿದ ಬಿನ್ನಹಕ್ಕೆ ಲೋಕದ ನಾನಾ ಕಡೆಗಳಿಂದ 5 ಕೋಟಿ ಆಸ್ಟ್ರೇಲಿಯಾ ಡಾಲರುಗಳಿಗೂ ಮೀರಿ ಹಣವು ಬಂದಿತು. ಹಣವು ಸೇರಬೇಕೆಂದು ನಮೂದಾಗಿದ್ದುದು ನ್ಯೂ ಸೌತ್ ವೇಲ್ಸ್ ಪ್ರಾಂತದ ಗ್ರಾಮೀಣ ಅಗ್ನಿಶಾಮಕ ದಳಗಳ ನಿಧಿಗೆ. ಕೊಟ್ಟವರಲ್ಲಿ ಅನೇಕರಾದರೋ, ಮನೆ ಕಳೆದುಕೊಂಡವರಿಗೂ ನೆರೆಯ ಪ್ರಾಂತಗಳಿಗೂ ಬೆಂದ ಮೃಗಗಳಿಗೂ ಇದು ಸಲ್ಲುವುದೆಂದು ತಿಳಿದಿದ್ದರು. ವಿಷಯವು ನ್ಯಾಯಾಸ್ಥಾನಕ್ಕೆ ಹೋಯಿತು. ಆ ವರ್ಷದ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಮೈಕೇಲ್ ಸ್ಲಾಟರಿಯವರು, ಗಾಯಗೊಂಡ ಅಗ್ನಿಶಾಮಕರಿಗೂ ಸತ್ತವರ ಕುಟುಂಬಗಳಿಗೂ ಅದನ್ನು ಬಳಸಬಹುದೆಂದೂ, ಇತರ ಧರ್ಮಸಂಸ್ಥೆಗಳಿಗೆ ಹಂಚುವುದು ನಿಧಿಯ ಶಾಸನಕ್ಕೆ ವಿರುದ್ಧವೆಂದೂ ತೀರ್ಪಿತ್ತರು. ಇಲ್ಲಿ ವಂಚನೆಯೇನೂ ನಡೆದಿರಲಿಲ್ಲ. ದಾತೃವಿನ ಮನಸ್ಸಿನಲ್ಲಿದ್ದುದು ಒಂದು, ದಾನಪತ್ರದಲ್ಲಿದ್ದುದು ಮತ್ತೊಂದು. ಕಾನೂನು ಪತ್ರವನ್ನು ಓದಿತು.

ಈ ಎರಡು ವೃತ್ತಾಂತಗಳಿಂದ ಗೃಹಸ್ಥನು ತಿಳಿಯಬೇಕಾದುದು ಸ್ಪಷ್ಟವಾಗಿದೆ. ಸುದ್ದಿಯ ಸದ್ದು ದೊಡ್ಡದಾದಲ್ಲಿಯೇ ಕೊರತೆಯೂ ದೊಡ್ಡದೆಂದು ಭಾವಿಸಬಾರದು. ಹಣವು ಯಾರ ಕೈಗೆ, ಯಾವ ಉದ್ದೇಶಕ್ಕೆ ಸೇರುವುದೆಂಬುದನ್ನು ಕೊಡುವುದಕ್ಕೆ ಮೊದಲೇ ಓದಿಕೊಳ್ಳಬೇಕು. ವಸ್ತುಗಳನ್ನು ಕಳುಹಿಸುವುದಾದರೆ ಮನೆಯಲ್ಲಿ ಮಿಕ್ಕುದನ್ನಲ್ಲ, ಅಲ್ಲಿ ಬೇಕೆಂದುದನ್ನು ಕೇಳಿ ಕಳುಹಿಸಬೇಕು. ಕೇಳಲು ಮಾರ್ಗವಿಲ್ಲದಿದ್ದರೆ, ಸ್ಥಳವನ್ನು ಬಲ್ಲ ನಂಬಿಕೆಯ ಸಂಸ್ಥೆಗೆ ಹಣವನ್ನು ಕೊಡುವುದೇ ಲೇಸು. ಕೊಡುವುದರಲ್ಲಿ ಒಂದು ಭಾಗವನ್ನು ತಡೆದಿಟ್ಟು ಕೆಲವು ತಿಂಗಳು ಕಳೆದ ಮೇಲೆ ಕೊಡುವುದೂ ಯುಕ್ತವೇ. ಬೆಂಕಿಯು ಒಂದು ರಾತ್ರಿಯಲ್ಲಿ ಆರಬಹುದು; ಸುಟ್ಟ ಮನೆಯು ಮತ್ತೆ ಏಳುವುದಕ್ಕೆ ವರ್ಷಗಳು ಬೇಕು. ಆ ವೇಳೆಗೆ ಪತ್ರಿಕೆಗಳು ಬೇರೆ ಸುದ್ದಿಗೆ ತಿರುಗಿರುತ್ತವೆ. ನಿರಾಶ್ರಿತನು ಮಾತ್ರ ಇದ್ದಲ್ಲಿಯೇ ಇರುತ್ತಾನೆ.